ಮರಳು ತುಂಬಿದ ಅಂಗಿ

ನನ್ನ ಗಂಡ ಸತ್ತಿದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮೂರಿನ ಪುರಸಭೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಯಾರನ್ನು ಕೇಳಿದರೂ ಅವರು ಸತ್ತಿಲ್ಲ ಅನ್ನುತ್ತಿದ್ದರು. "ಊರು ಬಿಟ್ಟಿದ್ದಾರೆ" ಅನ್ನುತ್ತಿದ್ದರು. ಹಾಗೆ ಹೇಳುವಾಗ ಅವರಿಗೆ ನಾಚಿಕೆ ಅನ್ನುವುದು ಒಂದು ಚೂರಾದರೂ ಇರಬೇಡವೇ? ಊರು ಬಿಡುವವರು ಬಸ್ಸು ಹತ್ತಿ ಬಿಡುತ್ತಾರೆ, ಇಲ್ಲವೇ ಹೆಂಡತಿಯ ಜೊತೆ ಜಗಳವಾಡಿಕೊಂಡು ಕಾಲ್ನಡಿಗೆಯಲ್ಲಿ ಬಿಡುತ್ತಾರೆ. ನಮ್ಮೆಜಮಾನರು ಹೋದದ್ದು ಮೇಲಕ್ಕೆ. ಹಾಗೆ ಮೇಲಕ್ಕೆ ಹೋದವರಲ್ಲಿ ಒಬ್ಬರೂ ಇಲ್ಲಿಯವರೆಗೆ ತಿರುಗಿ ಬಂದಿಲ್ಲ.

ನಾನು ಕೇಳಿದ್ದು ಆಸ್ತಿಯನ್ನಲ್ಲ, ಅಂತಸ್ತನ್ನಲ್ಲ. ಆಸ್ಪತ್ರೆಯ ಗೇಟಿನ ಪಕ್ಕದಲ್ಲಿ ಒಂದು ಕರಿಹಲಗೆ ಇದೆ. ಊರಿನಲ್ಲಿ ಯಾರೇ ಸತ್ತರೂ ಡಾಕ್ಟರು ಅದರ ಮೇಲೆ ಸೀಮೆಸುಣ್ಣದಲ್ಲಿ ಅವರ ಹೆಸರು ಬರೆದು, ಎದುರಿಗೆ ಕಾರಣ ಬರೆಯಬೇಕು. ವರ್ಷದ ಕೊನೆಯ ದಿನ ಊರಿನವರೆಲ್ಲ ಹಲಗೆಯ ಮುಂದೆ ಸೇರಿ ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದಿ, ಒಂದೊಂದಕ್ಕೂ ಒಂದು ತಂಬಿಗೆ ನೀರು ಬಿಡುತ್ತಾರೆ. ಆಮೇಲೆಯೇ ಸತ್ತವರ ಮನೆಯ ಸೂತಕ ಕಳೆಯುವುದು. ಹಲಗೆಯ ಮೇಲೆ ಹೆಸರಿಲ್ಲದಿದ್ದರೆ ನೀರಿಲ್ಲ. ನಾನು ಕುಂಕುಮ ಇಟ್ಟರೂ ಜನ ನೋಡುತ್ತಿದ್ದರು, ಅಳಿಸಿದರೂ ನೋಡುತ್ತಿದ್ದರು. ಹೊಲಿಗೆಗೆ ಬಟ್ಟೆ ತಂದ ಹೆಂಗಸರು ಹೊರಡುವಾಗ ನನ್ನ ಕೈಯಿಂದ ಅರಿಶಿನ ಕುಂಕುಮ ತೆಗೆದುಕೊಳ್ಳಲೋ ಬೇಡವೋ ತಿಳಿಯದೆ ಬಾಗಿಲಲ್ಲಿ ನಿಂತು ಒದ್ದಾಡುತ್ತಿದ್ದರು.

ನಮ್ಮದು ಗಾಜಿನ ಊರು. ಲಾಟೀನಿನ ಬುರುಡೆ, ಉಪ್ಪಿನಕಾಯಿ ಜಾಡಿ, ಔಷಧಿ ಬಾಟಲಿ ಎಲ್ಲ ಇಲ್ಲಿಯ ಕಾರ್ಖಾನೆಯಲ್ಲೇ ಆಗುತ್ತಿದ್ದವು. ನಮ್ಮೆಜಮಾನರದು ಊದುವ ಕೆಲಸ. ಉದ್ದನೆಯ ಕಬ್ಬಿಣದ ಕೊಳವೆಯ ತುದಿಗೆ ಕರಗಿದ ಗಾಜನ್ನು ಎತ್ತಿಕೊಂಡು, ಕೆನ್ನೆ ಉಬ್ಬಿಸಿ ಊದಿ ಊದಿ ಜಾಡಿ ಮಾಡುತ್ತಿದ್ದರು. ಕುಲುಮೆಯ ಮುಂದೆ ನಿಂತು ನಿಂತು ಅವರ ಎದೆಯ ಕಡೆ ಕಪ್ಪು, ಬೆನ್ನಿನ ಕಡೆ ಕೆಂಪು. "ಒಂದ್ ಕಡೆ ಬೆಂದೈತೆ, ಇನ್ನೊಂದ್ ಕಡೆ ಹಸಿ ಐತೆ, ತಿರುವಿ ಹಾಕೋರು ಯಾರೂ ಇಲ್ಲ" ಅಂತ ನಾನು ಛೇಡಿಸುತ್ತಿದ್ದೆ. ಅವರು ನಗುತ್ತಿದ್ದರು.

ಒಂದು ದಿನ ಮಾಲೀಕರು ದೂರದ ಪಟ್ಟಣದಿಂದ ಹೇಳಿ ಕಳಿಸಿದರು, ಮಾರುಕಟ್ಟೆ ಬಿದ್ದಿದೆ, ಕುಲುಮೆ ಆರಿಸಿ ಅಂತ. ಬಿದ್ದದ್ದು ಮಾರುಕಟ್ಟೆ, ಆದರೆ ನೆಲ ಬಿಟ್ಟು ಎದ್ದವರು ನಮ್ಮ ಗಂಡಸರು. ನಮ್ಮೂರಿನಲ್ಲಿ ಇದ್ದ ಕೆಲಸ ಹೋದರೆ ಮನುಷ್ಯ ಹಗುರಾಗುತ್ತಾನೆ. ಹಿಂದೆ ಅಲ್ಲೊಬ್ಬ ಇಲ್ಲೊಬ್ಬ ಆಗುತ್ತಿದ್ದ. ನೆಂಟರು ನಾಲ್ಕು ದಿನ ಕೈಹಿಡಿದುಕೊಂಡು ಓಡಾಡಿಸುತ್ತಿದ್ದರು, ಅಷ್ಟರಲ್ಲಿ ಬೇರೆ ಕೆಲಸ ಸಿಕ್ಕಿ ಕಾಲು ಊರುತ್ತಿತ್ತು. ಈ ಸಲ ಊರಿಗೆ ಊರೇ ಹಗುರಾಯಿತು. ಯಾರ ಕೈಯನ್ನು ಯಾರು ಹಿಡಿಯಬೇಕು?

ಕುರ್ಚಿಯಲ್ಲಿ ಕೂತು ಕೆಲಸ ಮಾಡಿದವರು ಬೇಗ ಏಳುತ್ತಾರೆ, ನಿಂತು ದುಡಿದವರು ನಿಧಾನ. ಕಾರ್ಖಾನೆಯ ಗುಮಾಸ್ತ ಅನಂತಯ್ಯನವರಿಗೆ ಸುದ್ದಿ ತಿಳಿದದ್ದೇ ತಡ, ಕೂತಲ್ಲಿಂದಲೇ ಎದ್ದು ಸೂರಿಗೆ ಅಂಟಿಕೊಂಡರು. ಪಕ್ಕದಲ್ಲೇ ಫ್ಯಾನು ತಿರುಗುತ್ತಿತ್ತು. "ಅಯ್ಯೋ, ಫ್ಯಾನ್ ಆಫ್ ಮಾಡ್ರಪ್ಪಾ" ಅಂತ ಅವರು ಕಿರುಚಿದ್ದು ಬೀದಿಗೆ ಕೇಳಿಸಿತ್ತು. ನಮ್ಮೆಜಮಾನರಿಗೆ ಮಳೆಗಾಲ ಕಳೆಯುವವರೆಗೂ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅಂಗಳದ ಮಣ್ಣಿನಲ್ಲಿ ಅವರ ಹೆಜ್ಜೆಯ ಗುರುತು ಮೂಡಲಿಲ್ಲ. ನಾನು ನೋಡಿದೆ, ಅವರೂ ನೋಡಿದರು, ಇಬ್ಬರೂ ಒಳಗೆ ಹೋಗಿ ಕಾಫಿ ಕುಡಿದೆವು.

ಜನ ಎಷ್ಟು ಬೇಗ ಒಗ್ಗಿಕೊಂಡುಬಿಡುತ್ತಾರೆ ನೋಡಿ. ಅಂಗಳಗಳ ಮೇಲೆ ಮೀನಿನ ಬಲೆ ಕಟ್ಟಿದರು. ಹೋಟೆಲಿನವನು ಬೆಂಚಿಗೆ ಹಗ್ಗ ಕಟ್ಟಿಸಿ, ಗಿರಾಕಿ ಕೂತ ಕೂಡಲೇ ಸೊಂಟಕ್ಕೆ ಬಿಗಿದು, ಆಮೇಲೆ ಏನು ಬೇಕು ಅಂತ ಕೇಳುತ್ತಿದ್ದ. ಮದುವೆ ಮನೆಯಲ್ಲಿ ಕೆಲಸವಿಲ್ಲದ ಬೀಗರನ್ನು ಚಪ್ಪರದ ಕಂಬದ ಹತ್ತಿರವೇ ಊಟಕ್ಕೆ ಕೂರಿಸುತ್ತಿದ್ದರು. ಪುರಸಭೆಯವರು ದೊಡ್ಡ ಮನಸ್ಸು ಮಾಡಿ ಮನೆಗೊಂದು ಕಲ್ಲು ಹಂಚಿದರು. ಕೆಲಸ ಕೊಡಿ ಅಂದರೆ ಕಲ್ಲು ಕೊಟ್ಟರು! ಅದನ್ನು ಕೊಡುವಾಗ ಫೋಟೋ ಬೇರೆ ತೆಗೆಸಿಕೊಂಡರು.

ನಾನು ಟೈಲರ್. ಆ ಕಲ್ಲನ್ನು ಕಟ್ಟಿಕೊಂಡ ಗಂಡಸರ ಸೊಂಟ ಹುಣ್ಣಾಗುವುದನ್ನು ನೋಡಿ, ಹಾಸಿಗೆಯ ದಪ್ಪ ಬಟ್ಟೆಯಲ್ಲಿ ಎರಡು ಪದರದ ಅಂಗಿ ಹೊಲಿದೆ. ಪದರಗಳ ನಡುವೆ ಸಣ್ಣ ಸಣ್ಣ ಅರೆ ಬಿಟ್ಟು, ಹೊಳೆಯ ಮರಳನ್ನು ಜರಡಿ ಹಿಡಿದು ತುಂಬಿದೆ. ಭಾರ ಹೆಗಲಿನಿಂದ ಕೆಳಗಿನವರೆಗೂ ಸಮನಾಗಿ ಇಳಿಯುತ್ತಿತ್ತು. ನಮ್ಮೆಜಮಾನರು ಅದನ್ನು ಹಾಕಿಕೊಂಡು ಕನ್ನಡಿ ನೋಡಿ, "ಹೋಗ್ಲಿ ಬಿಡು, ಹುಣಸೆಹಣ್ಣಿನ ಮೂಟೆಗೆ ತಲೆ ಬಂದಂಗಾಯ್ತು" ಅಂದರು. ಅಂಗಿ ನೋಡಿದ ಬೀದಿಯ ಹೆಂಗಸರೆಲ್ಲ ಬಂದು ಹೊಲಿಸಿಕೊಂಡು ಹೋದರು. ಹೊಳೆಯ ದಡ ತಗ್ಗು ಬಿತ್ತು.

ಅದೇ ಹೊತ್ತಿನಲ್ಲಿ ಡಾಕ್ಟರ್ ಶೇಷಗಿರಿಯವರು ಹಿಗ್ಗುತ್ತಿದ್ದರು. ಅವರು ಊರಿನ ಆಸ್ಪತ್ರೆಯ ದೊಡ್ಡ ಡಾಕ್ಟರು, ಮಾತು ಮೆತ್ತಗೆ, ಕೈ ತಣ್ಣಗೆ. ಕಾರ್ಖಾನೆ ಮುಚ್ಚಿದ ಮೇಲೆ ಊರಿನ ಆರೋಗ್ಯ ಸುಧಾರಿಸಿದೆ ಅಂತ ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದರು. ಹೊಗೆ ಇಲ್ಲ, ಕೆಮ್ಮು ಇಲ್ಲ. ಕುಲುಮೆ ಇಲ್ಲ, ಸುಟ್ಟಗಾಯ ಇಲ್ಲ. ಲಾರಿ ಇಲ್ಲ, ಅಪಘಾತ ಇಲ್ಲ. ಸುಳ್ಳು ಯಾಕೆ ಹೇಳಲಿ, ಇದೆಲ್ಲ ನಿಜ. ನನ್ನದೇ ಹಳೆಯ ಕೆಮ್ಮು ನಿಂತಿತ್ತು. ಒಗೆದ ಬಟ್ಟೆ ಒಣಗುವಾಗ ಬೆಳ್ಳಗೇ ಇರುತ್ತಿತ್ತು. ನಿಜವನ್ನು ಹಿಡಿದುಕೊಂಡೇ ಮನುಷ್ಯ ಎಷ್ಟು ದೊಡ್ಡ ಸುಳ್ಳು ಹೇಳಬಹುದು ಅನ್ನುವುದು ನನಗೆ ಗೊತ್ತಾದದ್ದು ಆಗಲೇ.

ಯಾಕೆಂದರೆ ಹಾರಿಹೋದವರು ಆ ಹಲಗೆಗೆ ಏರುತ್ತಲೇ ಇರಲಿಲ್ಲ. ಮೊದಲು ಹೋದವನು ಪಕ್ಕದ ಬೀದಿಯ ರುದ್ರಾಣಿಯ ತಮ್ಮ ಸಿದ್ರಾಮ. ಹಗ್ಗ ಸವೆದದ್ದು ನೋಡಿಕೊಂಡಿರಲಿಲ್ಲ. ಆಮೇಲೆ ಒಬ್ಬರ ಹಿಂದೆ ಒಬ್ಬರು. ಗಾಳಿ ಬೀಸಿದ ದಿನ ಹೆಂಗಸರು ಬೀದಿಯಲ್ಲಿ ತಲೆ ಎತ್ತಿಕೊಂಡೇ ಓಡಾಡುತ್ತಿದ್ದರು. ಡಾಕ್ಟರು ಅವರನ್ನೆಲ್ಲ ಊರು ಬಿಟ್ಟವರು ಅಂದರು. ನೆಲದ ಮೇಲೇ ಸತ್ತವರದು ಇನ್ನೊಂದು ಕಥೆ. ನಮ್ಮತ್ತೆ ಬಿ.ಪಿ. ಮಾತ್ರೆಯನ್ನು ಮುರಿದು ಅರ್ಧ ಇವತ್ತಿಗೆ, ಅರ್ಧ ನಾಳೆಗೆ ಅಂತ ಇಟ್ಟುಕೊಂಡು ಮಾಘದಲ್ಲಿ ಹೋದರು. ಹಲಗೆಯ ಮೇಲೆ "ವಯಸ್ಸು" ಅಂತ ಬರೆದರು. ಮೂಲೆಮನೆಯ ಜಟ್ಟಿ ಕುಲುಮೆ ಆರಿದ ದಿನ ಶುರುಮಾಡಿದ ಕುಡಿತವನ್ನು ಕೊನೆಗೂ ನಿಲ್ಲಿಸಲಿಲ್ಲ. ಅವನ ಹೆಸರಿನ ಮುಂದೆ "ಅಭ್ಯಾಸ" ಅಂತ ಬರೆದರು. ಅವರ ಹಲಗೆಯಲ್ಲಿ ಕಾರ್ಖಾನೆ ಅನ್ನುವ ಮಾತು ಎಲ್ಲೂ ಬರಲಿಲ್ಲ.

ನಮ್ಮೆಜಮಾನರು ಅಂಗಿ ಹಾಕಿಕೊಂಡು ಎರಡು ವರ್ಷ ನೆಲ ಬಿಡಲಿಲ್ಲ. ನೆಲ ಬಿಡಲಿಲ್ಲ ಅಷ್ಟೇ, ಊಟ ಬಿಟ್ಟರು, ನಗು ಬಿಟ್ಟರು. ತಟ್ಟೆಯ ಮುಂದೆ ಕೂತು ಮುದ್ದೆಯನ್ನು ಆ ಕಡೆ ಈ ಕಡೆ ಉರುಳಿಸಿ ಎದ್ದುಬಿಡುತ್ತಿದ್ದರು. ಹಾಗಿರುವಾಗ ಒಬ್ಬ ಕಂಟ್ರಾಕ್ಟರ್ ಬಂದ. ಕಾರ್ಖಾನೆಯನ್ನು ಒಡೆದು ಇಟ್ಟಿಗೆ ಕಬ್ಬಿಣ ಮಾರಲು ಮಾಲೀಕರು ಅವನಿಗೆ ಒಪ್ಪಿಸಿದ್ದರಂತೆ. ಕುಲುಮೆ ಒಡೆಯಲು ಆಳು ಬೇಕು, ಕೆಲಸ ಬಹಳ ದಿನ ಇದೆ, ಬನ್ನಿ ಅಂತ ಬೀದಿಯಲ್ಲಿ ಕೂಗಿಸಿದ.

ಮರುದಿನ ಬೆಳಿಗ್ಗೆ ಇವರು ಬೇಗ ಎದ್ದು ಸ್ನಾನ ಮಾಡಿ ಹಣೆಗೆ ವಿಭೂತಿ ಇಟ್ಟುಕೊಂಡರು. ನಾನು ಡಬ್ಬಿಗೆ ರೊಟ್ಟಿ, ಬದನೆಕಾಯಿ ಪಲ್ಯ ತುಂಬಿದೆ. ಹೊರಡುವಾಗ ನೋಡಿದರೆ ಮರಳಿನ ಅಂಗಿ ಗೂಟದಲ್ಲೇ ನೇತಾಡುತ್ತಿದೆ.

"ಅಂಗಿ ಹಾಕ್ಕೊಳ್ರೀ" ಅಂದೆ.

"ಕೆಲಸಕ್ಕೆ ಹೋಗೋ ಗಂಡಸು ಮರಳು ಹೊತ್ಕೊಂಡು ಹೋಗ್ತಾನೇನೇ?"

"ಹೋಗ್ತಾನೆ. ನಂಗೋಸ್ಕರ ಹೋಗ್ತಾನೆ."

"ಸಾಕೂ, ಇಲ್ನೋಡು" ಅಂದು ಅಂಗಳಕ್ಕಿಳಿದು ಕಾಲಿನಿಂದ ನೆಲವನ್ನು ಒತ್ತಿದರು. ಒದ್ದೆ ಮಣ್ಣಿನಲ್ಲಿ ಐದು ಬೆರಳೂ ಚೆನ್ನಾಗಿ ಮೂಡಿದವು. ಕೆಲಸಕ್ಕೆ ಕರೆದ ಮಾತ್ರಕ್ಕೇ ಅವರಿಗೆ ಭಾರ ಬಂದಿತ್ತು! ಅವರ ಮುಖ ನೋಡಿ ನನಗೂ ಕಣ್ಣು ತುಂಬಿತು. ನಮ್ಮ ಬೀದಿಯ ಎಷ್ಟೋ ಗಂಡಸರು ಅವತ್ತು ಹಾಗೆಯೇ ಅಂಗಿ ಬಿಟ್ಟು, ಕಲ್ಲು ಬಿಟ್ಟು ಹೋದರು. ಅದು ಅವರ ತಪ್ಪು ಅಂತ ಆಮೇಲೆ ಬುದ್ಧಿ ಹೇಳಲು ಬಂದವರಿದ್ದಾರೆ. ಅವರ ಬಾಯಿಗೆ ಮಣ್ಣು ಹಾಕ. ಕೆಲಸ ಸಿಕ್ಕಿತು ಅಂತ ನಂಬಿದ್ದು ತಪ್ಪೇ?

ಮಿಕ್ಕದ್ದನ್ನು ನನಗೆ ಹೇಳಿದ್ದು ರುದ್ರಾಣಿ. ಅವಳು ಕಾರ್ಖಾನೆಯ ಗೇಟಿನ ಮುಂದೆ ಸೌತೆಕಾಯಿ ಹೆಚ್ಚಿ ಮಾರುತ್ತಾಳೆ. ಮಧ್ಯಾಹ್ನದ ಊಟ ಮುಗಿಯುತ್ತಿದ್ದ ಹಾಗೆ ಕಂಟ್ರಾಕ್ಟರನಿಗೆ ಎಲ್ಲಿಂದಲೋ ಯಂತ್ರ ಸಿಕ್ಕಿತಂತೆ. ಇನ್ನು ಆಳು ಬೇಡ, ಹೊರಡಿ ಅಂದನಂತೆ. ಮಾತು ಮುಗಿಸಿ ಅವನು ಬೀಡಿ ಹಚ್ಚುವಷ್ಟರಲ್ಲಿ ಗಂಡಸರು ಗೇಟು ದಾಟಿ ಬಯಲಿಗೆ ಬಂದಿದ್ದರು.

"ಯಪ್ಪಾ, ಕಾಲು ನೆಲಕ್ಕೆ ತಾಗ್ತಾನೇ ಇರ್ಲಿಲ್ಲ ಕಣಕ್ಕ" ಅಂದಳು ರುದ್ರಾಣಿ. "ನಾನು ಬುಟ್ಟಿ ಬಿಸಾಕಿ ಓಡ್ದೆ. ಭಾವನ ಹೆಗಲ ಮ್ಯಾಲಿನ ಟವಲ್ ಸಿಕ್ತು. ಎಳ್ದೆ. ಟವಲ್ ಕೈಗೆ ಬಂತು, ಭಾವ ಬರ್ಲಿಲ್ಲ. ಮ್ಯಾಲಿಂದ ಏನೋ ಅಂದ್ರು, ಗಾಳೀಲಿ ಕೇಳಿಸ್ಲಿಲ್ಲ. ಆಮ್ಯಾಲೆ ಡಬ್ಬಿ ಬಿತ್ತು."

ಟವಲನ್ನೂ ಡಬ್ಬಿಯನ್ನೂ ಅವಳು ನನ್ನ ಹೊಲಿಗೆ ಮಿಷನ್ನಿನ ಮೇಲಿಟ್ಟಳು. ಡಬ್ಬಿ ಒಂದು ಕಡೆ ನೆಗ್ಗಿತ್ತು. ತೆಗೆದು ನೋಡಿದೆ. ರೊಟ್ಟಿಯ ಒಂದು ಚೂರೂ ಉಳಿದಿರಲಿಲ್ಲ. ಎಲ್ಲ ತಿಂದು ತೊಳೆದಿಟ್ಟಿದ್ದರು. ಎರಡು ವರ್ಷದಲ್ಲಿ ಅವರು ಹೊಟ್ಟೆ ತುಂಬ ತಿಂದದ್ದು ಅವತ್ತೇ. ನಾನು ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಬೀದಿಗೆಲ್ಲ ಕೇಳುವ ಹಾಗೆ ಅತ್ತೆ.

ಮರುದಿನ ಆಸ್ಪತ್ರೆಗೆ ಹೋದೆ. ಡಾಕ್ಟರ್ ಶೇಷಗಿರಿಯವರು ಕೂರಲು ಹೇಳಿದರು, ನೀರು ತರಿಸಿದರು. ಮರ್ಯಾದೆಗೇನೂ ಕಡಿಮೆಯಿಲ್ಲ.

"ನಮ್ಮೆಜಮಾನ್ರ ಹೆಸರು ಹಲಗೆ ಮೇಲೆ ಬರೀರಿ ಸಾರ್" ಅಂದೆ.

"ಸಾಕಮ್ಮನವರೇ, ದೇಹ ಎಲ್ಲಿದೆ?"

ನಾನು ಕಿಟಕಿಯ ಆಚೆ ಕೈ ತೋರಿಸಿದೆ. ಅವರು ಆ ಕಡೆ ನೋಡಲೂ ಇಲ್ಲ.

"ದೇಹ ಇಲ್ಲದೆ ಸಾವು ಅಂತ ಬರೆಯೋಕಾಗಲ್ಲಮ್ಮ. ಅವರು ಊರು ಬಿಟ್ಟಿದ್ದಾರೆ. ಎಲ್ಲೋ ಇಳಿದಿರ್ತಾರೆ, ಚೆನ್ನಾಗೇ ಇರ್ತಾರೆ."

"ಎಲ್ಲಿ ಇಳಿದವ್ರೆ? ಒಬ್ರಾದ್ರೂ ಇಳಿದೋರ್ನ ನೀವು ನೋಡಿದ್ದೀರಾ?"

"ನೋಡಿಲ್ಲ ಅಂದ ಮಾತ್ರಕ್ಕೆ ಸತ್ತರು ಅನ್ನೋಕಾಗುತ್ತಾ? ಒಂದು ವೇಳೆ ಬರೆದೆ ಅಂತಲೇ ಇಟ್ಕೊಳ್ಳಿ. ಕಾರಣ ಏನಂತ ಬರೀಲಿ? ಗಾಳಿ ಅಂತಲಾ?"

"ಗಾಳಿ ಏನ್ ಮಾಡ್ತು ಸಾರ್ ಪಾಪ? ಅದು ಮೊದ್ಲಿಂದ್ಲೂ ಬೀಸ್ತಾ ಇತ್ತು. ಕಾರ್ಖಾನೆ ಮುಚ್ಚಿದ್ದು ಅಂತ ಬರೀರಿ."

ಅವರು ನಕ್ಕರು. ಕೆಟ್ಟ ನಗುವಲ್ಲ, ಮಕ್ಕಳ ಮಾತು ಕೇಳಿ ನಗುವ ಹಾಗೆ. "ಅದು ಕಾಯಿಲೆ ಅಲ್ಲಮ್ಮ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಬೈಗುಳವಾದರೂ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನೀರಿನ ಲೋಟವನ್ನು ಮುಟ್ಟದೆ ಎದ್ದು ಬಂದೆ. ಆಮೇಲೆ ವಾರ ವಾರವೂ ಹೋದೆ, ವಾರ ವಾರವೂ ಅದೇ ನೀರು, ಅದೇ ಮಾತು.

ವರ್ಷದ ಕೊನೆ ಹತ್ತಿರ ಬಂದಾಗ ಊರಿನಲ್ಲಿ ಡಂಗುರ ಸಾರಿದರು. ನಮ್ಮ ಊರಿಗೆ ಆರೋಗ್ಯವಂತ ಊರು ಅಂತ ಬಹುಮಾನ ಬಂದಿದೆಯಂತೆ! ಸಾವು ಅಷ್ಟು ಕಡಿಮೆಯಾಗಿದೆಯಂತೆ. ಆಸ್ಪತ್ರೆಯ ಮುಂದಿನ ಬಯಲಿನಲ್ಲಿ ಸಮಾರಂಭ, ಮೇಲಿನಿಂದ ದೊಡ್ಡ ಅಧಿಕಾರಿ ಬರುತ್ತಾರೆ, ಎಲ್ಲರೂ ಬರಬೇಕು, ಹಗುರಾದವರನ್ನು ಭದ್ರವಾಗಿ ಕಟ್ಟಿಕೊಂಡು ಕರೆತರಬೇಕು. ಅದನ್ನು ಕೇಳಿ ರುದ್ರಾಣಿ ಉಗಿದಳು. ನಾನು ಗೂಟದಿಂದ ಮರಳಿನ ಅಂಗಿಯನ್ನು ಇಳಿಸಿದೆ. ವೇದಿಕೆ ಹತ್ತಿ, ಅದರ ಹೊಲಿಗೆ ಬಿಚ್ಚಿ, ಆ ಮರಳನ್ನೆಲ್ಲ ಡಾಕ್ಟರ ಹೂವಿನ ಹಾರದ ಮೇಲೆ ಸುರಿಯಬೇಕು ಅಂತ ನನ್ನ ಯೋಚನೆ.

ಬಯಲಿನ ತುಂಬ ಜನ. ಕಂಬ ಕಂಬಕ್ಕೂ ಗಂಡಸರನ್ನು ಕಟ್ಟಿದ್ದರು. ವೇದಿಕೆಯ ಪಕ್ಕದಲ್ಲೇ ಆ ಕರಿಹಲಗೆ, ಅಂಚು ಒರೆಸಿ ಚೆಂಡು ಹೂವು ಚುಚ್ಚಿದ್ದರು. ಅದರ ಮೇಲೆ ಬೆರಳಲ್ಲಿ ಎಣಿಸುವಷ್ಟೇ ಹೆಸರು. ಡಾಕ್ಟರು ಕೋಲು ಹಿಡಿದು ಹಿಂದಿನ ವರ್ಷ ಹೀಗಿತ್ತು, ಈ ವರ್ಷ ಹೀಗಿದೆ ಅಂತ ವಿವರಿಸಿ, ಚಪ್ಪಾಳೆಗೆ ಕಾದು, ತಮ್ಮ ಕುರ್ಚಿಯಲ್ಲಿ ಕೂತರು. ನಾನು ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿನ ಹತ್ತಿರ ಬಂದೆ.

ಆಗ ದೊಡ್ಡ ಅಧಿಕಾರಿ ಎದ್ದರು. ಹೊಗಳಿದರು, ಹೊಗಳಿದರು, ಸಾಕಪ್ಪ ಅನ್ನಿಸುವಷ್ಟು ಹೊಗಳಿದರು. ಕೊನೆಗೆ, "ಇಷ್ಟು ಆರೋಗ್ಯವಾಗಿರುವ ಊರಿಗೆ ಆಸ್ಪತ್ರೆಯ ಅಗತ್ಯವೇ ಇಲ್ಲ ಎಂದು ಸರ್ಕಾರ ಸಂತೋಷದಿಂದ ತೀರ್ಮಾನಿಸಿದೆ. ಇವತ್ತಿನಿಂದ ಈ ಆಸ್ಪತ್ರೆಯನ್ನು ಮುಚ್ಚಲಾಗಿದೆ. ಮಾನ್ಯ ಶೇಷಗಿರಿಯವರ ಸೇವೆಗೆ ಧನ್ಯವಾದಗಳು" ಅಂದರು. ಚಪ್ಪಾಳೆ ಹೊಡೆಯಲು ಎತ್ತಿದ ಕೈಗಳು ಹಾಗೆಯೇ ನಿಂತವು.

ಡಾಕ್ಟರು ಶಾಲು ಸರಿಮಾಡಿಕೊಳ್ಳುತ್ತಿದ್ದರು. ಮೊದಲು ಅವರ ಚಪ್ಪಲಿ ಕೆಳಗೆ ಬಿತ್ತು. ಕುರ್ಚಿಯ ಕೈಯನ್ನು ಹಿಡಿದರು, ಹಗುರ ಪ್ಲಾಸ್ಟಿಕ್ ಕುರ್ಚಿ, ಅದೂ ಜೊತೆಗೇ ಎದ್ದಿತು. ಕುರ್ಚಿಯ ಕೆಲಸದವರು ಬೇಗ ಏಳುತ್ತಾರೆ ಅಂತ ಹೇಳಿದೆನಲ್ಲ. ವೇದಿಕೆಯ ಮೇಲಿನ ಶಾಮಿಯಾನಕ್ಕೆ ತಲೆ ತಾಗಿತು, ಹಳೆಯ ಬಟ್ಟೆ ಪರ್ರೆಂದು ಹರಿಯಿತು. ದೊಡ್ಡ ಅಧಿಕಾರಿ ಮೇಜಿನ ಕೆಳಗೆ ಸೇರಿಕೊಂಡರು. ನಾನು ಮೆಟ್ಟಿಲು ಹತ್ತಿ, ಅಧಿಕಾರಿಯ ಕುರ್ಚಿಯ ಮೇಲೆ ನಿಂತು, ನೇತಾಡುತ್ತಿದ್ದ ಡಾಕ್ಟರ ಕಾಲನ್ನು ಹಿಡಿದೆ. ಹಿಡಿಯಬೇಕು ಅಂತ ಹಿಡಿದೆನೋ, ಎರಡು ವರ್ಷ ಸ್ನಾನಕ್ಕೆ ಅಂಗಿ ಬಿಚ್ಚಿದಾಗಲೆಲ್ಲ ನಮ್ಮೆಜಮಾನರನ್ನು ಹಿಡಿದು ಹಿಡಿದು ಕೈಗೆ ಅದೇ ರೂಢಿಯಾಗಿತ್ತೋ, ಗೊತ್ತಿಲ್ಲ.

"ಬಿಡಬೇಡಿ ತಾಯಿ!" ಅಂತ ಅವರು ಕಿರುಚಿದರು. "ನಿಮ್ಮ ದಮ್ಮಯ್ಯ, ಬಿಡಬೇಡಿ! ಸತ್ತೋಗ್ತೀನಿ! ಸತ್ತೋಗ್ತೀನಿ!"

ಮೈಕು ಇನ್ನೂ ಚಾಲೂ ಇತ್ತು. ಆ ಮಾತು ಬಯಲಿಗೆಲ್ಲ ಕೇಳಿಸಿತು.

"ಯಾಕ್ ಸಾರ್ ಸಾಯ್ತೀರಿ?" ಅಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. "ಊರು ಬಿಡ್ತೀರಿ, ಅಷ್ಟೇ. ಎಲ್ಲೋ ಇಳೀತೀರಿ. ಚೆನ್ನಾಗೇ ಇರ್ತೀರಿ!"

"ಇಲ್ಲಮ್ಮ, ಇಲ್ಲ! ಯಾರೂ ಇಳಿಯಲ್ಲ, ನನಗೆ ಗೊತ್ತು, ಸಾಯ್ತಾರೆ ಅಂತ ನನಗೆ ಗೊತ್ತು!"

ಗೊತ್ತಿತ್ತಂತೆ. ನನ್ನ ಮುಂದೆ ನೀರಿನ ಲೋಟ ಇಟ್ಟು ನಗುವಾಗಲೂ ಗೊತ್ತಿತ್ತಂತೆ! ನಿಜ ಹೇಳುತ್ತೇನೆ, ಕೈ ಬಿಟ್ಟುಬಿಡೋಣ ಅನ್ನಿಸಿತು. ಬೆರಳು ಸಡಿಲವೂ ಆಯಿತು. ಅವರು ಅಳುತ್ತಿದ್ದರು, ಕನ್ನಡಕ ಜಾರಿ ನನ್ನ ತಲೆಯ ಮೇಲೆ ಬಿತ್ತು. ಕೆಳಗಿನಿಂದ ರುದ್ರಾಣಿ, "ಅಕ್ಕಾ, ಬಿಟ್ರೆ ಬರಿಯೋರ್ಯಾರು?" ಅಂತ ಕೂಗಿದಳು. ನಾನು ಎರಡೂ ಕೈಯಲ್ಲಿ ಎಳೆದೆ, ಅವಳೂ ಬಂದು ಎಳೆದಳು. ಕೆಳಗಿಳಿಸಿ, ಮರಳಿನ ಅಂಗಿಯನ್ನು ಅವರ ಶಾಲಿನ ಮೇಲೆಯೇ ತೊಡಿಸಿ ಗುಂಡಿ ಹಾಕಿದೆ. ಅವರಿಗೆ ಅದು ದೊಗಳೆಯಾಗಿತ್ತು, ನಮ್ಮೆಜಮಾನರ ಎದೆ ಅಗಲ.

ಕೈಹಿಡಿದು ಹಲಗೆಯ ಮುಂದೆ ಕರೆದುಕೊಂಡು ಹೋಗಿ ಸೀಮೆಸುಣ್ಣ ಕೊಟ್ಟೆ. ತಡೆಯಲು ಯಾರೂ ಬರಲಿಲ್ಲ.

"ಹೆಸರು ಹೇಳಿ ತಾಯಿ" ಅಂದರು.

ನಮ್ಮಲ್ಲಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಒಗಟು ಕಟ್ಟಿ ಹೇಳಿಸಿದಾಗ ಒಂದು ಸಲ ನಾಚಿಕೊಂಡು ಹೇಳಿದ್ದೆ, ಅದೇ ಕೊನೆ. ನಾನು ಮೈಕಿನ ಹತ್ತಿರ ಹೋದೆ.

"ಮುದ್ದವೀರಪ್ಪ" ಅಂದೆ. ಸಾಲದು ಅನ್ನಿಸಿತು. ಕೊರಳು ಬಿರಿಯುವ ಹಾಗೆ ಇನ್ನೊಂದು ಸಲ ಕೂಗಿದೆ. "ಮುದ್ದವೀರಪ್ಪ! ಗಾಜು ಊದ್ತಿದ್ದೋರು!"

ಡಾಕ್ಟರು ಹೆಸರು ಬರೆದರು. ಕಾರಣದ ಜಾಗಕ್ಕೆ ಬಂದು ಕೈ ನಿಂತಿತು. ತಮ್ಮ ಮೈಮೇಲಿನ ಅಂಗಿಯನ್ನೊಮ್ಮೆ ನೋಡಿಕೊಂಡರು. ಆಮೇಲೆ "ಕಾರ್ಖಾನೆ ಮುಚ್ಚಿದ್ದು" ಅಂತ ದಪ್ಪ ಅಕ್ಷರದಲ್ಲಿ ಬರೆದರು. ರುದ್ರಾಣಿ ಮುಂದೆ ಬಂದು ತಮ್ಮನ ಹೆಸರು ಹೇಳಿದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಒಬ್ಬ ಮುದುಕ. ಸಾಲು ಬಯಲು ದಾಟಿ ಬಸ್ ಸ್ಟ್ಯಾಂಡಿನವರೆಗೆ ಹೋಯಿತು. ನಾನು ಒಂದು ಬಟ್ಟೆ ಒದ್ದೆ ಮಾಡಿ ನಮ್ಮತ್ತೆಯ ಹೆಸರಿನ ಮುಂದಿದ್ದ "ವಯಸ್ಸು" ಅನ್ನುವುದನ್ನು ನಾನೇ ಒರೆಸಿದೆ. ಹಲಗೆ ತುಂಬಿದ ಮೇಲೆ ಆಸ್ಪತ್ರೆಯ ಗೋಡೆಯ ಮೇಲೆ ಬರೆಯತೊಡಗಿದರು.

ಹೊತ್ತು ಮುಳುಗುವಾಗ ಡಾಕ್ಟರು ಸೀಮೆಸುಣ್ಣದ ಕೈಯನ್ನು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದರು. ಒಂದೇ ದಿನಕ್ಕೆ ಕೆನ್ನೆ ಒಳಗೆ ಹೋಗಿತ್ತು.

"ಈ ಅಂಗಿ ಮನೆಗೆ ಹಾಕ್ಕೊಂಡು ಹೋಗ್ಲಾ ತಾಯಿ?" ಅಂದರು.

ಆ ಅಂಗಿಯನ್ನು ಯಾರಿಗೂ ಕೊಡಬಾರದು ಅಂತಿದ್ದೆ. ಅದರ ಕುತ್ತಿಗೆಪಟ್ಟಿಯಲ್ಲಿ ಇನ್ನೂ ನಮ್ಮೆಜಮಾನರ ಬೆವರಿನ ವಾಸನೆ ಇತ್ತು. ಕೊರಳಿನ ಗುಂಡಿ ಬಿಚ್ಚಿಹೋಗಿತ್ತು, ಅದನ್ನು ಸರಿಯಾಗಿ ಹಾಕಿದೆ.

"ಹಾಕ್ಕೊಂಡು ಹೋಗಿ" ಅಂದೆ. "ನಾಳೆ ಯಾರಾದ್ರೂ ಬಂದು ಕೆಲಸ ಐತೆ ಬಾ ಅಂತ ಕರೆದ್ರೂ ತೆಗೀಬೇಡಿ."